ಅಲುಗಾಡುವ ಮೇಜು

ಅಪ್ಪ ಬಡಗಿ. ಊರಿನವರ ಮಂಚ, ಕುರ್ಚಿ, ಕಿಟಕಿಗಳನ್ನೆಲ್ಲ ಸರಿಮಾಡಿಕೊಡುವ ಅವರಿಗೆ ನಮ್ಮ ಅಡುಗೆಮನೆಯ ಮೇಜಿನ ಒಂದು ಕಾಲು ಗಿಡ್ಡ ಎಂಬುದು ಇಪ್ಪತ್ತು ವರ್ಷವಾದರೂ ಕಣ್ಣಿಗೆ ಬಿದ್ದಿರಲಿಲ್ಲ. ಒಂದು ಮೂಲೆಗೆ ಯಾರಾದರೂ ಮೊಣಕೈ ಊರಿ ಒತ್ತಿ ಹಿಡಿಯದಿದ್ದರೆ, ಎದುರಿಗೆ ಕೂತವರ ಚಹಾ ಮಡಿಲಿಗೇ. ಹಾಗಾಗಿ ನಮ್ಮಲ್ಲಿ ಯಾರೂ ಒಬ್ಬರೇ ಕೂತು ಉಂಡದ್ದಿಲ್ಲ. ಜಗಳವಾಡಿ ಮುಖ ಊದಿಸಿಕೊಂಡ ದಿನವೂ ಅಣ್ಣ ಬಂದು ನನ್ನೆದುರು ಮೊಣಕೈ ಊರುತ್ತಿದ್ದ.

"ಊರ ಕೆಲಸಕ್ಕೆಲ್ಲ ಕೈ ಓಡುತ್ತೆ. ಮನೇದು ಅಂದ್ರೆ ಲಕ್ವ ಹೊಡಿಯುತ್ತೆ," ಎಂದು ಅಮ್ಮ ದಿನಾ ಗೊಣಗುತ್ತಿದ್ದಳು.

ಕಳೆದ ತಿಂಗಳು ಅಪ್ಪ ರೇಗಿ, ಮರದ ಚೂರೊಂದನ್ನು ಕೆತ್ತಿ ಆ ಕಾಲಿನ ಅಡಿಗಿಟ್ಟು ಮೊಳೆ ಹೊಡೆದರು. ಮೇಜು ಬಂಡೆಯಂತೆ ನಿಂತಿತು. ಮರುದಿನದಿಂದ ಅಣ್ಣ ಆರಕ್ಕೇ ತಿಂದು ಹೊರಟ. ನಾನು ಒಂಬತ್ತಕ್ಕೆ ಫೋನು ನೋಡುತ್ತ ತಿಂದೆ. ಅಮ್ಮ ಕೆಲಸವೆಲ್ಲ ಮುಗಿಸಿ ಒಬ್ಬಳೇ ಕೂತಳು. ಅಪ್ಪ ಯಾವಾಗ ಉಂಡರೋ ನಾನು ಕೇಳಲಿಲ್ಲ. ನನಗೇನೋ ಹಾಯಾಗಿತ್ತು, ಸುಳ್ಳೇಕೆ ಹೇಳಲಿ.

ಈ ಭಾನುವಾರ ಬೆಳಿಗ್ಗೆ ನಾನು ಲೋಟ ಇಟ್ಟದ್ದೇ ತಡ, ಮೇಜು ವಾಲಿ ಚಹಾ ಚೆಲ್ಲಿತು.

"ಮೊಳೆ ಬಿಟ್ಟಿರ್ಬೇಕು," ಎಂದರು ಅಪ್ಪ, ಪತ್ರಿಕೆಯಿಂದ ತಲೆ ಎತ್ತದೆ.

ಅವರು ಹೊಡೆದ ಮೊಳೆ ಬಿಟ್ಟದ್ದನ್ನು ನಾವ್ಯಾರೂ ಕಂಡಿಲ್ಲ. ಅಪ್ಪನ ಅಂಗಿಯ ಜೇಬಿನಿಂದ ಆ ಮರದ ಚೂರು ಇಣುಕುತ್ತಿತ್ತು. ಅಮ್ಮ ಅದನ್ನು ನೋಡಿದಳು. ಗೊಣಗಲಿಲ್ಲ. ನಾಲ್ಕು ತಟ್ಟೆ ತಂದಿಟ್ಟು, ಅಣ್ಣನ ಕೋಣೆಯತ್ತ ತಿರುಗಿ ಕೂಗಿದಳು:

"ಏಳೋ, ಬಂದು ಮೇಜು ಹಿಡ್ಕೋ. ನಿನ್ನ ತಂಗಿ ತಿನ್ಬೇಕಂತೆ."