ಬೂದಿಕಟ್ಟೆಯ ನಾಡಿ

ಕಲ್ಲಿದ್ದಲು ಸುಟ್ಟು ಕರೆಂಟು ಮಾಡುವಲ್ಲಿ ಬೆಳಕು ತಂತಿ ಹಿಡಿದು ದೂರ ಹೋಗುತ್ತದೆ. ಬೂದಿ ಮಾತ್ರ ಅಲ್ಲೇ ಉಳಿಯುತ್ತದೆ. ಆ ಬೂದಿಯನ್ನು ನೀರಲ್ಲಿ ಕಲಸಿ, ಪಂಪಿನಿಂದ ದೊಡ್ಡದೊಂದು ಕೆರೆಗೆ ತುಂಬುತ್ತಿದ್ದರು. ಕೆಳಗಿನ ಹೊಳೆಯಲ್ಲಿ ಮೀನು ಮುಗಿದು ಎಷ್ಟೋ ವರ್ಷವಾಗಿತ್ತು. ಬಾವಿ ನೀರು ಕುದಿಸಿದರೆ ಪಾತ್ರೆಯ ತಳದಲ್ಲಿ ಬೂದಿಯ ಗಸಿ.

ಆ ಕೆರೆಯ ಮಣ್ಣುಕಟ್ಟೆ ಕಾಯುತ್ತಿದ್ದವನು ಮಾವ, ಪಂಪು ನಡೆಸುತ್ತಿದ್ದವನು ಅಳಿಯ. ಮಗಳು ಇಪ್ಪತ್ತು ದಿನದ ಕೂಸಿನೊಂದಿಗೆ ಕಟ್ಟೆಯ ಬುಡದ ತಗಡಿನ ಮನೆಯಲ್ಲಿದ್ದಳು. ದಿನಾ ಬೆಳಿಗ್ಗೆ ಮಾವ ಭಗವಂತನನ್ನು ನೆನೆದು, ಕಬ್ಬಿಣದ ಸಲಾಕೆಯನ್ನು ಕಟ್ಟೆಗೆ ಚುಚ್ಚಿ, ತುದಿಗೆ ಕಿವಿಯಿಟ್ಟು ಕೇಳುತ್ತಿದ್ದ. ಆಮೇಲೆ ಕೆಳಗಿಳಿದು ಮಗಳ ಮನೆಯ ತಗಡಿಗೆ ಅದೇ ಸಲಾಕೆಯಿಂದ ಎರಡು ಸಲ ಬಡಿಯುತ್ತಿದ್ದ, ಎಲ್ಲ ಕ್ಷೇಮ ಎಂದು.

ಅಂದು ಸಲಾಕೆಯೊಳಗೆ ನೀರು ಗುಡುಗಿತು. ಮುದುಕ ಪಂಪುಮನೆಗೆ ಓಡಿದ.

"ಅಳಿಯಂದ್ರೇ, ಪಂಪು ನಿಲ್ಸಿ! ಕಟ್ಟೆ ಒಳಗೇ ನೀರು ಹರೀತಿದೆ!"

"ಮತ್ತೆ ನಾಡಿ ನೋಡಿದ್ರಾ, ವೈದ್ಯರೇ? ಹೋದ್ಸಲ ಹೆಗ್ಗಣದ ಬಿಲಕ್ಕೆ ಹೆದರಿ ನಿಲ್ಸಿದ್ವಿ. ಬಾಯ್ಲರ್ ಆರಿ ಊರಿಗೂರೇ ಕತ್ತಲಾಯ್ತು. ಈಗ ಎಲ್ರೂ ನನ್ನನ್ನ ಹೆಗ್ಗಣ ಅಂತಾನೇ ಕರೀತಾರೆ."

"ಕೆಳಗೆ ಕೂಸು ಮಲಗಿದೆ ಕಣೋ! ಸರಿ ಆಚೆ!"

ಮುದುಕ ಪಂಪು ನಿಲ್ಲಿಸುವ ಗುಂಡಿಗೆ ಕೈ ಚಾಚಿದ. ಅಳಿಯ ಅವನ ಎದೆಗೆ ಗುದ್ದಿದ. ಮುದುಕ ಸಲಾಕೆ ಬೀಸಿದ. ಅಳಿಯನ ಎಡಗೈ ಮೂಳೆ ಒಣ ಸೌದೆಯಂತೆ ಲಟಕ್ ಎಂದಿತು. "ಮುದಿ ಹೆಗ್ಗಣವೇ!" ಎಂದು ಅಳಿಯ ಝಾಡಿಸಿ ಒದ್ದ. ಬೀಳುಬೀಳುತ್ತಲೇ ಮುದುಕ ಕೆಂಪು ಗುಂಡಿ ಒತ್ತಿಬಿಟ್ಟ. ತಲೆ ಪಂಪಿನ ಅಂಚಿಗೆ ಬಡಿದು ಬಿರಿಯಿತು. ಮತ್ತೆ ಏಳಲಿಲ್ಲ.

ಪಂಪು ನಿಂತಿತು. ಆ ಮೌನದಲ್ಲಿ, ಸಲಾಕೆಯಿಲ್ಲದೆಯೇ, ಅಳಿಯನಿಗೂ ಗುಡುಗು ಕೇಳಿಸಿತು.

ಹೊರಗೆ ಬರುವಷ್ಟರಲ್ಲಿ ಕಟ್ಟೆ ಬಾಯಿ ಬಿಟ್ಟಿತ್ತು. ಬೂದಿಯ ಕೆಸರು ಗೋಡೆ ಕೆಡವಿ, ಮರ ಮುರಿದು, ಕಟ್ಟಿಹಾಕಿದ್ದ ನಾಯಿಯನ್ನು ಬೊಗಳುತ್ತಿದ್ದಂತೆಯೇ ನುಂಗಿ ಹೊಳೆಗಿಳಿಯಿತು.

ಹರಿವು ತಗ್ಗಿದಾಗ ಅಳಿಯ ರಕ್ತ ಹತ್ತಿದ ಸಲಾಕೆ ಹಿಡಿದು, ಮುರಿದ ಕೈ ಎಳೆದುಕೊಂಡು, ಕೆಸರಿನ ಮೇಲೆ ತೆವಳಿದ. ಎಲ್ಲಿ ನೋಡಿದರೂ ಬೂದಿಯ ಬಯಲು. ಮನೆಯ ಗುರುತೇ ಇಲ್ಲ. ಒಂದು ಕಡೆ ಚುಚ್ಚಿದ, ಮೆತ್ತಗೆ ಇಳಿಯಿತು. ಇನ್ನೊಂದು ಕಡೆ, ಅಲ್ಲೂ ಮೆತ್ತಗೆ. ಮೂರನೆಯ ಸಲ ತಗಡು ಠಣ್ ಎಂದಿತು. ಮಾವನಂತೆಯೇ ಎರಡು ಸಲ ಬಡಿದು, ತುದಿಗೆ ಕಿವಿಯಿಟ್ಟ.

ಕೂಸಿನ ಅಳು. ಅದರ ಹಿಂದೆ ಹೆಂಡತಿಯ ದನಿ:

"ಅಪ್ಪಾ, ಬಂದ್ಯಾ?"

ಅಳಿಯ ಸಲಾಕೆ ಕೆಳಗಿಟ್ಟ. ಒಂದೇ ಕೈಯಲ್ಲಿ ಬೂದಿ ತೋಡತೊಡಗಿದ.