ಬೀಗ ಬಿದ್ದ ಒಂಬೈನೂರು ವಾಕ್ಯ

ಬೆಳಿಗ್ಗೆ ಸ್ಟುಡಿಯೋಗೆ ಬಂದು ಕಂಪ್ಯೂಟರ್ ಹಾಕಿದರೆ ಪರದೆ ತುಂಬ ಕೆಂಪು. ನಿಮ್ಮ ಫೈಲುಗಳಿಗೆಲ್ಲ ಬೀಗ ಹಾಕಿದ್ದೇವೆ, ಕೀಲಿ ಬೇಕಿದ್ದರೆ ದುಡ್ಡು ಕಳಿಸಿ, ಮೂರು ದಿನ ದಾಟಿದರೆ ದುಪ್ಪಟ್ಟು ಎಂದು ಬರೆದಿತ್ತು. ಕೊನೆಯಲ್ಲಿ, ಏನಾದರೂ ಅನುಮಾನವಿದ್ದರೆ ಸಂಕೋಚವಿಲ್ಲದೆ ಕೇಳಿ ಎಂಬ ಉಪಚಾರ ಬೇರೆ. ನನಗೆ ಮೈಯೆಲ್ಲ ಉರಿದುಹೋಯಿತು.

ನನ್ನದು ದನಿ ಕೂಡಿಡುವ ಕೆಲಸ. ಶಸ್ತ್ರಚಿಕಿತ್ಸೆಯಿಂದ ಮಾತು ಕಳೆದುಕೊಳ್ಳಲಿರುವವರನ್ನು ಮುಂಚೆಯೇ ಕರೆಸಿ, ಒಂಬೈನೂರು ವಾಕ್ಯಗಳ ಒಂದು ಪಟ್ಟಿ ಓದಿಸಿ ರೆಕಾರ್ಡ್ ಮಾಡಿಕೊಳ್ಳುತ್ತೇನೆ. ಆಮೇಲೆ ಅವರು ಟ್ಯಾಬ್ಲೆಟ್‌ನಲ್ಲಿ ಟೈಪ್ ಮಾಡಿದ್ದನ್ನು ಅದು ಅವರದೇ ದನಿಯಲ್ಲಿ ಹೇಳುತ್ತದೆ. ಡ್ರೈವಿಂಗ್ ಕಲಿಸುತ್ತಿದ್ದ ಮೇಷ್ಟ್ರೊಬ್ಬರ ಧ್ವನಿಪೆಟ್ಟಿಗೆ ತೆಗೆದು ಮೂರು ವಾರವಾಗಿತ್ತು. ಆ ವಾರದ ಕೊನೆಗೆ ಅವರ ದನಿ ಸಿದ್ಧವಾಗಬೇಕಿತ್ತು. ಇನ್ನೊಮ್ಮೆ ಓದಿಸೋಣವೆಂದರೆ ಓದುವ ಗಂಟಲೇ ಇಲ್ಲ.

ಕಂಪ್ಯೂಟರ್ ನೋಡಿಕೊಳ್ಳುವವನು ನನ್ನ ಮೈದುನ. ಕೂಗಿ ಕರೆದೆ.

"ಇನ್ನೊಂದು ಪ್ರತಿ ಇಟ್ಟಿದ್ದೀಯಲ್ಲ?"

"ಇಟ್ಟಿದ್ದೀನಿ ಅತ್ತಿಗೆ. ದಿನಾ ತಾನೇ ಕಾಪಿ ಆಗುತ್ತೆ."

ಆ ಪ್ರತಿ ಇದ್ದ ಹಾರ್ಡ್ ಡಿಸ್ಕ್ ಅದೇ ಕಂಪ್ಯೂಟರಿಗೆ ಸಿಕ್ಕಿಕೊಂಡಿತ್ತು. ತಂತಿ ಜಾರದಿರಲೆಂದು ಮೈದುನ ಮಹಾಶಯ ಮೂರು ಸುತ್ತು ಟೇಪ್ ಸುತ್ತಿದ್ದ. ಅದರಲ್ಲೂ ಪ್ರತಿ ಫೈಲಿಗೂ ಬೀಗ.

"ಕಾಪಿ ಆದ್ಮೇಲೆ ಕಿತ್ತಿಡಬೇಕು ಅನ್ನೋಷ್ಟೂ ಬುದ್ಧಿ ಇಲ್ವಾ ನಿಂಗೆ?"

"ಕಿತ್ತಿಟ್ಟರೆ ವಾಪಸ್ ಸಿಕ್ಕಿಸೋದು ಮರೀತೀಯ ಅಂತ ಹೋದ ವರ್ಷ ನೀವೇ ಬೈದಿದ್ರಿ. ಅದಕ್ಕೇ ಟೇಪ್ ಹಾಕಿದ್ದು."

ಬೈದದ್ದು ನಿಜ. ಅದಕ್ಕೇ ಇನ್ನೂ ಜೋರಾಗಿ ಬೈದೆ. ಅವನು ಎಲ್ಲ ಕೇಳಿಸಿಕೊಂಡು, ಕೊನೆಗೆ ಮೆಲ್ಲಗೆ ಕೇಳಿದ. "ಅಲ್ಲ ಅತ್ತಿಗೆ, ಇದು ಒಳಗೆ ಬಂದಿದ್ದಾದ್ರೂ ಹೇಗೆ?"

ಅದು ನನಗೆ ಗೊತ್ತಿತ್ತು. ಹಿಂದಿನ ದಿನ ಒಂದು ಮೇಲ್ ಬಂದಿತ್ತು. ನಮ್ಮ ತಾಯಿ ತೀರಿಕೊಂಡರು, ಅವರ ಕೊನೆಯ ಮಾತು ಜೊತೆಗಿರುವ ಫೈಲಿನಲ್ಲಿದೆ, ಹಿಂದಿನ ಗದ್ದಲ ತೆಗೆದು ಸರಿಮಾಡಿಕೊಡಿ ಎಂದಿತ್ತು. ಬೇರೆ ಯಾರಾದರೂ ಆಗಿದ್ದರೆ ಗುರುತಿಲ್ಲದವರ ಮೇಲ್ ಎಂದು ಮುಟ್ಟುತ್ತಿರಲಿಲ್ಲವೇನೋ. ನನಗೆ ಬರುವ ಮೇಲುಗಳೇ ಅಂಥವು. ಇದು ಧ್ವನಿಯ ಫೈಲಲ್ಲ, ತೆರೆಯಲೇ ಎಂದು ಕಂಪ್ಯೂಟರ್ ಒಂದು ಸಲ ಕೇಳಿತ್ತು ಕೂಡ. ಅಯ್ಯೋ ಪಾಪ, ಯಾರದೋ ತಾಯಿ ಎಂದು ಹೂಂ ಒತ್ತಿದೆ. ಇದನ್ನೆಲ್ಲ ಮೈದುನನ ಮುಂದೆ ಒಪ್ಪಿಕೊಳ್ಳಬೇಕಾಯಿತು.

ಸೈಬರ್ ಠಾಣೆಗೆ ಫೋನ್ ಮಾಡಿದರೆ ಅಲ್ಲಿದ್ದ ಹೆಂಗಸು ದಿನಕ್ಕೆ ಹತ್ತು ಸಲ ಹೇಳಿ ಹೇಳಿ ಸಾಕಾದವರ ಹಾಗೆ ಹೇಳಿದರು. "ದುಡ್ಡು ಕಟ್ಟಬೇಡಿ. ಕಟ್ಟಿದರೂ ಕೀಲಿ ಕೊಡ್ತಾರೆ ಅಂತ ನಂಬೋ ಹಾಗಿಲ್ಲ. ಇಂಟರ್ನೆಟ್ ತಂತಿ ಕಿತ್ತು ಹಾಕಿ. ಏನನ್ನೂ ಅಳಿಸಬೇಡಿ. ಇನ್ಮೇಲೆ ಒಂದು ಪ್ರತಿ ಯಾವ ಕಂಪ್ಯೂಟರಿಗೂ ಅಂಟಿಕೊಳ್ಳದೆ ಬೇರೆ ಕಡೆ ಇರ್ಲಿ. ಆಗಾಗ ತೆಗೆದು, ಸರಿಯಾಗಿದೆಯಾ ನೋಡ್ತಿರಿ."

ಒಳ್ಳೆಯ ಮಾತು, ಒಂದು ದಿನ ತಡ. ಆ ಒಂದು ದಿನಕ್ಕೆ ಮೈ ಪರಚಿಕೊಳ್ಳುವಂತಾಯಿತು.

ಮಧ್ಯಾಹ್ನದವರೆಗೆ ಮೂಲೆಮೂಲೆ ಜಾಲಾಡಿದೆವು. ಮೈಕಿನ ಪೆಟ್ಟಿಗೆಯಲ್ಲಿದ್ದ ಕೈ ರೆಕಾರ್ಡರ್‌ನ ಮೆಮೊರಿ ಕಾರ್ಡ್ ಹೇಗೋ ಬಚಾವಾಗಿತ್ತು. ಮೇಷ್ಟ್ರು ಬಂದಿದ್ದ ಕೊನೆಯ ದಿನ ಹೊರಗಿನ ಕಾಫಿ ಮೇಜಿನ ಮೇಲೆ ಅದನ್ನು ಆನ್ ಮಾಡಿಟ್ಟು ಆಫ್ ಮಾಡುವುದನ್ನೇ ಮರೆತಿದ್ದೆ. ನಲವತ್ತು ನಿಮಿಷದ ಮಾತು ಅದರಲ್ಲಿತ್ತು. ಆದರೆ ಅದರಲ್ಲಿ ಪಟ್ಟಿಯ ಒಂದು ವಾಕ್ಯವೂ ಇರಲಿಲ್ಲ. ಬಿಡುವಿನಲ್ಲಿ ಅವರು ಬೈದದ್ದಿತ್ತು: ನನ್ನನ್ನು, ಪಟ್ಟಿಯನ್ನು, ತಣ್ಣಗಿದ್ದ ಕಾಫಿಯನ್ನು, ಕ್ಲಚ್ ಬಿಡದೆ ಗಾಡಿ ಓಡಿಸುವ ಶಿಷ್ಯರನ್ನು, ಕನ್ನಡಕ ಮನೆಯಲ್ಲೇ ಬಿಟ್ಟುಬಂದ ಹೆಂಡತಿಯನ್ನು. ಅಷ್ಟರಿಂದಲೇ ದನಿ ಕಟ್ಟಲು ಕೂತೆವು.

ಗೊತ್ತುಮಾಡಿದ ದಿನ ಗಂಡ ಹೆಂಡತಿ ಬಂದರು. ನಡೆದದ್ದನ್ನೆಲ್ಲ ಹೇಳಿ ತಪ್ಪಾಯಿತೆಂದೆ. ಮೇಷ್ಟ್ರು ಹೋಗಲಿ ಬಿಡಿ ಎನ್ನುವಂತೆ ಕೈಯಾಡಿಸಿ, ಟ್ಯಾಬ್ಲೆಟ್ ಎಳೆದುಕೊಂಡು ಟೈಪ್ ಮಾಡಿದರು.

"ಸ್ವಲ್ಪ ನೀರು ಕೊಡಿ," ಎಂದಿತು ಟ್ಯಾಬ್ಲೆಟ್. ನಡುರಸ್ತೆಯಲ್ಲಿ ಗಾಡಿ ನಿಲ್ಲಿಸಿದವನನ್ನು ಗದರಿಸಿದಂತಿತ್ತು. ಮೈದುನ ನಕ್ಕುಬಿಟ್ಟ. ಮೇಷ್ಟ್ರೂ ಸದ್ದಿಲ್ಲದೆ ನಕ್ಕರು. ಅಬ್ಬಾ, ಮರ್ಯಾದೆ ಉಳಿಯಿತು ಎಂದುಕೊಂಡೆ.

ಅವರ ಹೆಂಡತಿ ಮಾತ್ರ ನಗಲಿಲ್ಲ.

"ಇದು ಅವರದೇ ದನಿ, ಅನುಮಾನ ಇಲ್ಲ," ಎಂದರು. "ಮೂವತ್ತೆಂಟು ವರ್ಷ ಇದನ್ನೇ ಕೇಳಿದೀನಿ. ಆ ಪಟ್ಟಿ ಓದಿದ್ದು ಉಳಿದಿಲ್ವಾ? ಒಂದಾದ್ರೂ?"

"ಇಲ್ಲಮ್ಮ. ಯಾಕೆ?"

"ಅದ್ರಲ್ಲಿ ಒಳ್ಳೊಳ್ಳೆ ಮಾತಿತ್ತು. ನೀನು ಬಂದದ್ದು ಸಂತೋಷ. ಅಡುಗೆ ಚೆನ್ನಾಗಿದೆ. ನೀನಿಲ್ಲದಿದ್ರೆ ನನಗೆ ಕಷ್ಟ ಆಗ್ತಿತ್ತು. ನೀವು ಓದಿ ಅಂದ್ರಿ, ಓದಿದ್ರು. ನಾನು ಗಾಜಿನ ಈಚೆ ಕೂತು ಕೇಳ್ತಿದ್ದೆ." ಅವರು ಸೆರಗಿನಿಂದ ಮೂಗು ಒರೆಸಿಕೊಂಡರು. "ದಿನಾ ಬರ್ತಿದ್ದಿದ್ದು ಅದಕ್ಕೇ. ಇಲ್ಲಾಂದ್ರೆ ಅವರೊಬ್ಬರೇ ಬಸ್ಸಲ್ಲಿ ಬರ್ತಿರ್ಲಿಲ್ವಾ?"

ಮೈದುನ ನೆಲ ನೋಡುತ್ತ ನಿಂತ. ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯಲಿಲ್ಲ. ಬೀಗ ಹಾಕಿದವನಿಗೆ ತಾನು ಕದ್ದದ್ದು ಏನೆಂದೂ ಗೊತ್ತಿರಲಿಕ್ಕಿಲ್ಲ.

ಮೇಷ್ಟ್ರು ಟ್ಯಾಬ್ಲೆಟ್ ಕೆಳಗಿಟ್ಟು ಜೇಬಿನಿಂದ ಪೆನ್ನು ತೆಗೆದರು. ಮೇಜಿನ ಮೇಲಿದ್ದ ಕಾಗದವೊಂದರಲ್ಲಿ ಏನೋ ಬರೆದು ಹೆಂಡತಿಯ ಕಡೆ ಸರಿಸಿದರು. ಆಕೆ ಅದನ್ನು ನೋಡದೆಯೇ ಮಡಚಿದರು.

"ಓದೋಕೆ ನನಗೂ ಬರುತ್ತೆ," ಎಂದರು. "ನನಗೆ ಕೇಳಬೇಕಿತ್ತು."