ಕಾಲಿಲ್ಲದ ಕೊಕ್ಕರೆ

ಕೆಂಪು ದೀಪ ಮತ್ತೆ ಮಿನುಗುತ್ತಿದೆ, ಮಿನುಗಲಿ ಬಿಡು, ಟೋನರ್ ಮುಗಿಯಿತು ಎಂದು ಈ ಪ್ರಿಂಟರು ಹೋದ ತಿಂಗಳಿಂದ ಬಾಯಿ ಬಡಿದುಕೊಳ್ಳುತ್ತಲೇ ಇದೆ, ನಾನು ಕಾರ್ಟ್ರಿಜ್ ಹೊರಗೆಳೆದು ಎಡಕ್ಕೊಮ್ಮೆ ಬಲಕ್ಕೊಮ್ಮೆ ಅಲ್ಲಾಡಿಸಿ ಒಳಗೆ ತಳ್ಳುತ್ತೇನೆ, ಅದು ತೆಪ್ಪಗೆ ಮತ್ತಷ್ಟು ಹಾಳೆ ಕಕ್ಕುತ್ತದೆ — ಯಾರ ಹತ್ತಿರ ನಿನ್ನ ಆಟ, ಟೂತ್‌ಪೇಸ್ಟಿನ ಟ್ಯೂಬು ಕತ್ತರಿಸಿ ಒಳಗೆ ಬ್ರಶ್ ಆಡಿಸುವವಳು ನಾನು. ಮನೆಮುಂದಿನ ನನ್ನ ಈ ಜೆರಾಕ್ಸ್ ಅಂಗಡಿಗೆ ಬಂದವರಿಗೆ ಕಡುಗಪ್ಪು, ದುಡ್ಡು ಕೊಡುತ್ತಾರಲ್ಲ, ಮನೆಯವರ ಹಾಳೆಗೆಲ್ಲ ಟೋನರ್ ಸೇವ್, ಅಂದರೆ ಪುಡಿ ಕಮ್ಮಿ, ಬೂದು ಅಕ್ಷರ, ಕಂಡರೆ ಸಾಕು, ನಮ್ಮ ಮದುವೆ ಪತ್ರಿಕೆ ನೀನು ಪ್ರಿಂಟ್ ಮಾಡಿದ್ರೆ ಹುಡುಗ ಯಾರು ಅಂತಾನೇ ಗೊತ್ತಾಗ್ತಿರಲಿಲ್ಲ ಎನ್ನುತ್ತಾರೆ ನನ್ನ ಗಂಡ, ಅನ್ನಲಿ, ಹುಡುಗ ಯಾರೆಂದು ನನಗೆ ಗೊತ್ತಿತ್ತಲ್ಲ, ಅಷ್ಟು ಸಾಕಿತ್ತು. ಒಳಕೋಣೆಯಿಂದ ಅಮ್ಮ ಕಪಾಟು ತೆಗೆದ ಸದ್ದು, ಕಸೂತಿಯ ಚೌಕಟ್ಟು, ದಾರದ ಉಂಡೆಗಳು, ಸೂಜಿಡಬ್ಬಿ, ಎಲ್ಲವನ್ನೂ ಇವತ್ತೇ ಪಕ್ಕದ ಅಂಗಡಿಯ ಟೈಲರಮ್ಮನಿಗೆ ಕೊಟ್ಟುಬಿಡುತ್ತಾಳಂತೆ, ಆಕೆ ಊಟ ಮುಗಿಸಿ ಬಂದು ಒಯ್ಯುತ್ತಾಳಂತೆ, ನನ್ನ ಕಣ್ಣು ಹೋಯ್ತು ಕಣೇ, ಇನ್ನು ಇದೆಲ್ಲ ಯಾಕೆ ಅಂತ ಅಮ್ಮ — ಎಲ್ಲ ಆ ಹಾಳು ಕೊಕ್ಕರೆಯಿಂದ. ನಾನೇ ಪ್ರಿಂಟ್ ಮಾಡಿ ಕೊಟ್ಟ ಚಿತ್ರ, ದಿಂಬಿನ ಕವರಿಗೆ ಅಂತ ಅಮ್ಮ ಹಗಲೆಲ್ಲ ಬಗ್ಗಿ ಹೊಲಿದಳು, ಕೊಕ್ಕು ಬಂತು, ರೆಕ್ಕೆ ಬಂತು, ಕೊನೆಗೆ ನೋಡಿದರೆ ಕೊಕ್ಕರೆಗೆ ಕಾಲೇ ಇಲ್ಲ, ಹೊಟ್ಟೆಯ ಮೇಲೆ ನೀರಿನಲ್ಲಿ ತೇಲುತ್ತಿದೆ. ಪಾಪ, ನಿಂತು ನಿಂತು ಸಾಕಾಗಿರಬೇಕು ಅತ್ತೆ, ಕೂತ್ಕೊಂಡಿದೆ ಎಂದರು ಇವರು, ಎಲ್ಲರೂ ಬಿದ್ದು ಬಿದ್ದು ನಕ್ಕೆವು, ಅಮ್ಮನೂ ನಕ್ಕಳು, ಆಮೇಲೆ ಕವರನ್ನು ಮಡಚಿ ಎಲ್ಲಕ್ಕಿಂತ ಕೆಳಗೆ ಇಟ್ಟಳು.

ಥೂ, ಈ ಕುಪ್ಪಸದ ಗುಂಡಿ ಮತ್ತೆ ಸಡಿಲ, ಬೆಳಿಗ್ಗೆ ತಾನೇ ಅಮ್ಮ ಹಾಕಿದ್ದು — ಅಲ್ಲ, ಇದು ಕೆಳಗಿನದು, ಅವಳು ಹಾಕಿದ್ದು ಮೇಲಿನದು, ಗಟ್ಟಿಯಾಗೇ ಇದೆ, ನಾನು ದಾರವನ್ನು ಎಂಜಲು ಮಾಡಿ ಮಾಡಿ ಸೂಜಿಗೆ ಚುಚ್ಚಿ ಸೋತಿದ್ದೆ, ಕೊಡು ಇಲ್ಲಿ, ನಿನ್ನ ಕೈಲಿ ಏನಾಗುತ್ತೆ ಎಂದು ಕಸಿದುಕೊಂಡು ಕನ್ನಡಕವೂ ಇಲ್ಲದೆ ಒಂದೇ ಸಲಕ್ಕೆ — ತಡಿ. ತಡಿ ತಡಿ. ಒಂದೇ ಸಲಕ್ಕೆ. ಸೂಜಿಯ ಕಣ್ಣು ಕಾಣುವವಳಿಗೆ ಕೊಕ್ಕರೆಯ ಕಾಲು ಕಾಣುವುದಿಲ್ಲವೇ? ಎಲ್ಲಿ ಆ ಚಿತ್ರ, ಕಂಪ್ಯೂಟರಿನಲ್ಲೇ ಇರಬೇಕು, ಇದೆ, ಅಯ್ಯೋ ನನ್ನ ಕರ್ಮವೇ, ಕಾಲಿದೆ, ಕೂದಲಿನಷ್ಟು ತೆಳ್ಳಗೆ ಎರಡು ಕಾಲು, ನನ್ನ ಟೋನರ್ ಸೇವ್ ಕೊಕ್ಕರೆಯ ಕಾಲನ್ನೂ ಸೇವ್ ಮಾಡಿಬಿಟ್ಟಿದೆ! ನಗು ಬರುತ್ತಿದೆ, ಆದರೆ ಒಂದು ಚಿಟಿಕೆ ಪುಡಿ ಉಳಿಸಲು ಹೋಗಿ ಅಮ್ಮನ ಕಣ್ಣನ್ನೇ ಕಳೆದಿದ್ದೆನಲ್ಲ. ಸೇವ್ ತೆಗೆ, ಪೂರ್ತಿ ಕಪ್ಪು ಹಾಕು, ಪ್ರಿಂಟ್ — ಕೆಂಪು ದೀಪ, ಈಗ ಮಿನುಗುತ್ತಲೂ ಇಲ್ಲ, ಕಣ್ಣು ಬಿಟ್ಟುಕೊಂಡು ನಿಂತಿದೆ, ಹಾಳೆ ಬರುವುದಿಲ್ಲವಂತೆ. ಟೈಲರಮ್ಮ ಚಪ್ಪಲಿ ಬಿಡುತ್ತಿದ್ದಾಳೆ, ದೊಡ್ಡಮ್ಮಾ, ಚೀಲ ತಂದಿದೀನಿ ಅಂತ, ಬನ್ನಿ ಬನ್ನಿ, ಎಲ್ಲ ಕಟ್ಟಿಟ್ಟಿದೀನಿ ಅಂತ ಒಳಗಿಂದ ಅಮ್ಮ — ಕಾರ್ಟ್ರಿಜ್ಜೇ, ನನ್ನಪ್ಪಾ, ಇದೊಂದೇ ಹಾಳೆ, ಎಡಕ್ಕೆ, ಬಲಕ್ಕೆ, ಊಹೂಂ. ಬೀರುವಿನಲ್ಲಿ ಹೊಸದಿದೆ, ಡಬ್ಬ ಒಡೆಯದೆ ಮುಂದಿನ ವರ್ಷಕ್ಕೆಂದು ಬಚ್ಚಿಟ್ಟದ್ದು, ಹರಿ ಡಬ್ಬವನ್ನು, ಹಲ್ಲಿನಲ್ಲಾದರೂ ಹರಿ, ಹಾಕು, ಮುಚ್ಚು, ಗರ್ರ್ — ಹೊರಗೆ ಬಂತು, ಎಷ್ಟು ಕಪ್ಪು, ಬಿಸಿಬಿಸಿ.

ಅಮ್ಮಾ, ಆ ಗಂಟು ಕೆಳಗಿಡು, ಇದನ್ನು ನೋಡು. ಏನೇ ಇದು, ಮೂತಿಗೆಲ್ಲ ಮಸಿ ಬಳ್ಕೊಂಡಿದೀಯಲ್ಲ. ನನ್ನ ಮೂತಿ ಆಮೇಲೆ, ಮೊದಲು ಹಾಳೆ ನೋಡು. ಅಮ್ಮ ಬೆರಳಿಟ್ಟಳು, ಕೊಕ್ಕಿನ ಮೇಲೆ, ಹಳೆಯ ಹಾಳೆಯಲ್ಲಿ ಹೊಟ್ಟೆಯ ಕೆಳಗೆ ಬಂದು ದಾರಿ ತಪ್ಪಿ ಹುಡುಕುತ್ತಿದ್ದ ಬೆರಳು, ಈಗ ಕತ್ತು, ರೆಕ್ಕೆ, ಹೊಟ್ಟೆ, ನಿಲ್ಲಲಿಲ್ಲ, ಇಳಿಯುತ್ತಿದೆ, ಮಂಡಿ, ಇನ್ನೂ ಕೆಳಗೆ, ಟೈಲರಮ್ಮ ಚೀಲ ಹಿಡಿದು ನಿಂತೇ ಇದ್ದಾಳೆ, ಅಯ್ಯೋ ಇದಕ್ಕೆ ಕಾಲಿದೆ ಕಣೇ, ಅಮ್ಮನ ದನಿ ನಡುಗುತ್ತಿದೆಯೋ ನಗುತ್ತಿದೆಯೋ, ಆ ಬೆರಳು, ಕಪ್ಪು ಗೆರೆಯ ಮೇಲೆ, ಪಾದದ ತನಕ, ಉಗುರಿನ ತನಕ, ಆ ಬೆರಳು —